ಬಾಯಿಮಾತು

ಅರವತ್ತೈದು ತುಂಬಿದವರಿಗೆಲ್ಲ ಪರೀಕ್ಷೆ ಕಡ್ಡಾಯ. ಲೆಕ್ಕ, ನೆನಪು ಎರಡರಲ್ಲೂ ನನಗೆ ನೂರಕ್ಕೆ ನೂರು. ಮುಖ ನೋಡಿ ಮನಸ್ಸು ತಿಳಿಯುವುದರಲ್ಲಿ ಹನ್ನೊಂದು. ಮೂವತ್ತು ವರ್ಷ ರೇಖಾಗಣಿತ ಕಲಿಸಿದವನ ಕಿವಿಗೆ ಒಂದು ಬಿಲ್ಲೆ ಹಾಕಿ ಕಳಿಸಿದರು. ಎದುರಿನವರ ಮಾತಿನ ನಿಜವಾದ ಅರ್ಥವನ್ನು ಅದು ಪಿಸುಗುಟ್ಟುತ್ತದೆ.

ಎದುರುಮನೆಯ ವಾರಿಜಾಬಾಯಿ ದಿನಾ ಸಂಜೆ ಬಾಗಿಲಲ್ಲಿ ನಿಂತು, "ಮುದಕವಿ ಮಾಸ್ತರ, ಒಳಗ ಬರ್ರಿ, ಚಹಾ ಕುಡದು ಹೋಗೀರಂತ" ಅನ್ನುತ್ತಾರೆ.

"ಬರೀ ಬಾಯಿಮಾತು" ಅನ್ನುತ್ತದೆ ಬಿಲ್ಲೆ.

"ಈಗ ಕುಡದ ಬಂದೀನ್ರೀ" ಅನ್ನುತ್ತೇನೆ. ಆಮೇಲೆ ಮನೆಗೆ ಬಂದು ಒಬ್ಬನೇ ಚಹಾ ಮಾಡಿಕೊಳ್ಳುತ್ತೇನೆ. ಮೂರು ವರ್ಷದಿಂದ ಹೀಗೇ.

ಇವತ್ತು ನನ್ನ ಬಿಲ್ಲೆ ರಿಪೇರಿಗೆ ಹೋಗಿತ್ತು. ಅವರು ಕರೆದಾಗ ಕಿವಿ ಸುಮ್ಮನಿತ್ತು. ಮುಖ ದಿಟ್ಟಿಸಿದೆ. ಕಣ್ಣು, ಮೂಗು, ತುಟಿ ಎಲ್ಲ ಕಂಡವು. ಅರ್ಥ ಮಾತ್ರ ಆಗಲಿಲ್ಲ. ಹೆದರಿಕೆಯಾಗಿ, ರೂಢಿಯಂತೆ, "ಈಗ ಕುಡದ ಬಂದೀನ್ರೀ" ಅಂದೆ.

ಅವರಿಗೂ ಹೋದ ವಾರ ಅರವತ್ತೈದು ತುಂಬಿದೆ. ಅವರ ಕಿವಿಯ ಹೊಸ ಬಿಲ್ಲೆಗೆ ಸದ್ದು ಜಾಸ್ತಿ. "ಸುಳ್ಳು" ಅಂದದ್ದು ನನಗೂ ಕೇಳಿಸಿತು.

"ಮೂರು ವರ್ಷ ಸುಳ್ಳ ಹೇಳ್ಕೋತ ಬಂದ್ರೇನ್ರಿ?" ಅಂದವರು ಮೆಲ್ಲಗೆ ಬಾಗಿಲು ಹಾಕಿಕೊಂಡರು.

ಅದು ಮುಚ್ಚುವ ಮೊದಲು ಒಳಗಿನ ಟೀಪಾಯಿ ಕಂಡಿತು. ಅದರ ಮೇಲೆ ಎರಡು ಕಪ್ ಚಹಾ ಹಬೆಯಾಡುತ್ತಿತ್ತು.