ಡಬ್ಬಿಗೊಂದು ಕಿಟಕಿ

"ಬಿಡಬೇಡ, ಗಟ್ಟಿಯಾಗಿ ಒತ್ಕೋ" ಎಂದು ಟ್ರೇಲರಿನ ಒಳಗಿನಿಂದ ಅಮ್ಮ ಗದರುತ್ತಿದ್ದಂತೆಯೇ ಗಾಳಿ ಬೀಸಿ ಹಿಂಬಾಗಿಲು ಧಡಾರನೆ ಮುಚ್ಚಿಕೊಂಡಿತು. ಹೊರಗೆ ಹೊಸ ಕಿಟಕಿಯನ್ನು ಎರಡೂ ಅಂಗೈಯಿಂದ ಒತ್ತಿ ಹಿಡಿದಿದ್ದ ಮಗಳು ಥಟ್ಟನೆ ಬಾಗಿಲ ಕಡೆ ಕತ್ತು ತಿರುಗಿಸಿದಳು.

ಮುಚ್ಚಿದ ಜಾಗವೆಂದರೆ ಅಮ್ಮನಿಗೆ ಉಸಿರು ಕಟ್ಟುತ್ತದೆ. ಲಿಫ್ಟಿನೊಳಗೂ ಕಾಲಿಟ್ಟವಳಲ್ಲ. ಸಾಮಾನು ಸಾಗಿಸುವ ಈ ಹಳೆಯ ಟ್ರೇಲರನ್ನು ಮಗಳು ಊರೂರು ಸುತ್ತುವ ಮನೆಯಾಗಿಸಲು ಹೊರಟಾಗ, "ಆ ಡಬ್ಬಿಯೊಳಗೆ ನಾನು ಬರಲ್ಲ, ನೀನೇ ಸುತ್ತಾಡ್ಕೊಂಡು ಬಾ" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು. ಅಮ್ಮನನ್ನು ಬಿಟ್ಟು ಹೋಗುವ ಮನಸ್ಸು ಮಗಳಿಗಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಇರಲಿಲ್ಲ. ಇವತ್ತು ಒಳಗಿನಿಂದ ಸ್ಕ್ರೂ ಬಿಗಿಯಲು ಒಬ್ಬರು ಬೇಕಾಗಿ, ಬಾಗಿಲು ತೆರೆದೇ ಇರುತ್ತದೆಂದು ಮಾತು ಕೊಟ್ಟು ಅಮ್ಮನನ್ನು ಹತ್ತಿಸಿದ್ದಳು.

ಈಗ ಬಾಗಿಲಿಗೆ ಓಡಿದರೆ ಕಿಟಕಿ ಜಾರುತ್ತದೆ, ಮಳೆನೀರು ನುಗ್ಗದಂತೆ ಸುತ್ತ ಬಳಿದ ಅಂಟೆಲ್ಲ ಕಿತ್ತು ಬರುತ್ತದೆ. ಹಾಳಾಗಿ ಹೋಗಲಿ ಅತ್ಲಾಗೆ! "ಅಮ್ಮಾ, ತಡಿ, ಬಾಗಿಲು ತೆಗೀತೀನಿ!"

"ಕೈ ತೆಗೆದೆಯೋ, ನೋಡ್ಕೋ! ಇನ್ನೊಂದು ಸ್ಕ್ರೂ ಇದೆ."

ಗಾಜಿನಾಚೆ ಅಮ್ಮನ ಹಣೆ ಬೆವರಿತ್ತು. ಸೂಜಿಗೆ ದಾರ ಪೋಣಿಸುವಾಗಿನಂತೆ ನಾಲಿಗೆಯ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಕೊನೆಯ ಸ್ಕ್ರೂವನ್ನು ನಿಧಾನವಾಗಿ ತಿರುಗಿಸಿ ಮುಗಿಸಿದಳು. ಆಮೇಲೆ ಗಾಜನ್ನು ಪಕ್ಕಕ್ಕೆ ಸರಿಸಿ, ಮುಖ ಹೊರಗಿಟ್ಟು, ಎದೆ ತುಂಬ ಗಾಳಿ ಎಳೆದುಕೊಂಡಳು.

ಮಗಳು ಬಾಗಿಲ ಕಡೆ ಓಡಿದಳು.

"ಬಾಗಿಲು ಹಾಗೇ ಇರ್ಲಿ ಬಿಡೆ" ಎಂದಳು ಅಮ್ಮ. "ನಿನ್ನ ಹಾಸಿಗೆ ಆ ಕಡೆ ಹಾಕ್ಕೋ. ಈ ಕಿಟಕಿ ಪಕ್ಕ ನಾನು ಮಲಗ್ತೀನಿ."