ಪಕ್ಕದ ಮನೆಯ ಒಂಬತ್ತು

ಏಳಕ್ಕೆ ನಾಲ್ಕು ಕೂಡಿಸಬೇಕಾದ ಕಡೆ ಗಣಿತದ ಮಿಸ್ ಒಂಬತ್ತು ಕೂಡಿಸಿ, ಬೋರ್ಡಿನ ಕೋಷ್ಟಕದಲ್ಲಿ ಹದಿನಾರು ಎಂದು ದುಂಡಗೆ ಬರೆದುಬಿಟ್ಟರು. ತರಗತಿಯಲ್ಲಿ ಯಾರೂ ತುಟಿಪಿಟಕ್ಕೆನ್ನಲಿಲ್ಲ. ಮಿಸ್‌ಗೆ ತಪ್ಪು ಗೊತ್ತೂ ಆಗಲಿಲ್ಲ. ಕೈ ಬೋರ್ಡಿನ ಮೇಲಿದ್ದರೂ ಜೀವವೆಲ್ಲ ಹಿಂದಿನ ಬೆಂಚಿನಲ್ಲಿತ್ತು. ಅಲ್ಲಿ ಹೆಡ್‌ಮಾಸ್ಟರು ಕುಳಿತಿದ್ದರು. ಈ ಪಾಠ ಅವರಿಗೆ ಹಿಡಿಸಿದರೆ ಮಿಸ್‌ನ ಕೆಲಸ ಕಾಯಂ. ಇಲ್ಲದಿದ್ದರೆ ವರ್ಷದ ಕೊನೆಗೆ ದೊಡ್ಡ ನಮಸ್ಕಾರ.

ಬೋರ್ಡಿನ ಮೇಲೆ ಎರಡು ಫಂಕ್ಷನ್‌ಗಳಿದ್ದವು. ಒಂದು, ಕೊಟ್ಟ ಸಂಖ್ಯೆಯನ್ನು ಇಮ್ಮಡಿ ಮಾಡಿ ಮೂರು ಸೇರಿಸುತ್ತದೆ. ಇನ್ನೊಂದು, ಆ ಸಂಖ್ಯೆಯನ್ನು ಅದರಿಂದಲೇ ಗುಣಿಸುತ್ತದೆ. ಒಂದು, ಎರಡು, ಮೂರು ಎಂದು ಸಂಖ್ಯೆಗೊಂದು ಅಡ್ಡಸಾಲಿನಲ್ಲಿ ಎರಡೂ ಫಂಕ್ಷನ್‌ಗಳ ಬೆಲೆಗಳನ್ನು ಅಕ್ಕಪಕ್ಕ ಬರೆದು, ಕೊನೆಯಲ್ಲಿ ಮೊತ್ತ ಬರೆಯಬೇಕು. ಕೂಡಿಸುವುದಾಗಲಿ, ಯಾವುದು ದೊಡ್ಡದೆಂದು ಹೋಲಿಸುವುದಾಗಲಿ, ಒಂದೇ ಅಡ್ಡಸಾಲಿನೊಳಗೆ. "ಕೆಳಗಿನ ಸಾಲು ಪಕ್ಕದ ಮನೆ ಇದ್ದ ಹಾಗೆ. ಅಲ್ಲಿಗೆ ಕೈ ಹಾಕ್ಬಾರ್ದು" ಎಂದು ಮಿಸ್ ಶುರುವಿನಿಂದ ಬಡಕೊಂಡಿದ್ದರು. ಯಾರಾದರೂ ಸಾಲು ತಪ್ಪಿದರೆ ಸಾಕು, ತರಗತಿಗೆ ತರಗತಿಯೇ "ಪಕ್ಕದ್ಮನೇ!" ಎಂದು ಸೂರು ಹಾರುವಂತೆ ಕೂಗುವುದು ರೂಢಿ. ಆ ಕೂಗಿಗೆ ಮುಂದಾಳು ಕಿಟಕಿ ಬಳಿಯ ಹುಡುಗಿ. ಎಲ್ಲದಕ್ಕೂ ತಕರಾರು ತೆಗೆಯುತ್ತಾಳೆಂದು ಅವಳಿಗೆ ವಕೀಲಮ್ಮ ಎಂದೇ ಹೆಸರು ಬಿದ್ದಿತ್ತು.

ಹೆಡ್‌ಮಾಸ್ಟರು ಅವಳನ್ನೇ ಎಬ್ಬಿಸಿದರು. "ಎರಡರ ಸಾಲಲ್ಲಿ ಮೊತ್ತ ಎಷ್ಟಮ್ಮಾ?"

"ಹದಿನಾರು ಸರ್."

"ಹೇಗೆ ಬಂತು?"

"ಮಿಸ್ ಬರೆದಿದ್ದಾರಲ್ಲ ಸರ್."

ಮಿಸ್‌ಗೆ ಅನುಮಾನ ಬಂತು. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆಂದರೂ ಸಾಕ್ಷಿ ಕೇಳುವ ಹುಡುಗಿ ಇದು! ಬೋರ್ಡಿನತ್ತ ತಿರುಗಿದರು. ಕೆಳಗಿನ ಮೂರರ ಸಾಲಿನ ಒಂಬತ್ತು ಮೇಲಿನ ಮೊತ್ತದೊಳಗೆ ಬಂದು ಕೂತಿತ್ತು. ಮಕ್ಕಳ ಕಡೆ ನೋಡಿದರೆ, ಎಲ್ಲರಿಗೂ ಇದ್ದಕ್ಕಿದ್ದಂತೆ ಡೆಸ್ಕಿನ ಮೇಲೆ ಬಹಳ ಆಸಕ್ತಿ ಹುಟ್ಟಿಬಿಟ್ಟಿತ್ತು. ಕಳ್ಳರು! ಬೆನ್ನು ತಿರುಗಿಸಿ ಒರೆಸಿಬಿಟ್ಟರೆ ಮುಗಿಯುತ್ತಿತ್ತು. ಆದರೆ ಈ ಹುಡುಗಿ ತಮಗಾಗಿ ದಡ್ಡಿಯೆನಿಸಿಕೊಂಡು ನಿಂತಿದ್ದಾಳೆ. ಅದನ್ನು ಮಿಸ್‌ನಿಂದ ನೋಡಲಾಗಲಿಲ್ಲ.

"ನೀನು ಲೆಕ್ಕ ಮಾಡಿದಾಗ ಎಷ್ಟು ಬಂತು?"

ವಕೀಲಮ್ಮ ಹೆಡ್‌ಮಾಸ್ಟರನ್ನು ಓರೆಗಣ್ಣಿನಲ್ಲಿ ನೋಡಿ, ದನಿ ತಗ್ಗಿಸಿದಳು. "ಇವತ್ತು ಬೇಡ ಮಿಸ್."

"ಇವತ್ತೂ ಹೇಳ್ಬೇಕು. ಹೇಳು."

"ಹನ್ನೊಂದು." ಆಮೇಲೆ, ಅಳುವವಳ ಹಾಗೆ, "ಪಕ್ಕದ್ಮನೆ ಮಿಸ್."

"ಹೌದು ಸರ್, ತಪ್ಪು ನಂದೇ. ಅವಳದಲ್ಲ" ಎಂದು ಮಿಸ್ ಹದಿನಾರನ್ನು ಒರೆಸಿ ಹನ್ನೊಂದು ಬರೆದರು. ಹೋಯಿತು ಕೆಲಸ ಎಂದುಕೊಂಡರು.

ಹೆಡ್‌ಮಾಸ್ಟರು ತರಗತಿಯ ಮೇಲೆ ಕಣ್ಣಾಡಿಸಿದರು. "ಇದು ತಪ್ಪು ಅಂತ ಮೊದಲೇ ಯಾರ್ಯಾರಿಗೆ ಗೊತ್ತಿತ್ತು? ನಿಜ ಹೇಳಿ."

ಮೊದಲು ವಕೀಲಮ್ಮನ ಕೈ ಮೇಲೆದ್ದಿತು. ಆಮೇಲೆ ಮುಂದಿನ ಬೆಂಚು, ನಡುವಿನ ಬೆಂಚು. ಕೊನೆಗೆ, ಲೆಕ್ಕವೆಂದರೆ ಹೊಟ್ಟೆನೋವು ಬರುವ ಮೂಲೆಯ ಹುಡುಗನೂ ಕೈ ಎತ್ತಿದ.

"ಹಾಗಾದ್ರೆ ಪಾಠ ಎಲ್ಲರಿಗೂ ಬಂದಿದೆ" ಎನ್ನುತ್ತಾ ಹೆಡ್‌ಮಾಸ್ಟರು ಎದ್ದರು. "ಸಂಜೆ ಆಫೀಸಿಗೆ ಬನ್ನಿ ಟೀಚರ್, ಕಾಯಂ ಆರ್ಡರ್ ಕೊಡ್ತೀನಿ."

ಬಾಗಿಲವರೆಗೆ ಹೋದವರು ಯಾಕೋ ನಿಂತರು. ಹೆಡ್‌ಮಾಸ್ಟರಾಗುವ ಮೊದಲು ತಾವು ಎಷ್ಟೋ ವರ್ಷ ಪಾಠ ಮಾಡಿದ ಆ ಬೋರ್ಡನ್ನು ಒಂದು ಗಳಿಗೆ ನೋಡಿದರು.

"ನಾನೂ ಇಲ್ಲಿ ಎಷ್ಟೋ ಸಲ ತಪ್ಪಿದೀನಿ. ನನ್ನ ತಪ್ಪನ್ನ ಒಂದು ಮಗುವೂ ಮುಚ್ಚಿಡ್ಲಿಲ್ಲ ನೋಡಿ."