ಜೋಮು ಹಿಡಿದ ಹೆಬ್ಬೆರಳು

"ಕೈ ಮೇಲಿನ ಟವೆಲ್ ತೆಗೀರಿ," ಎಂದರು ಡಾಕ್ಟರಮ್ಮ.

ಸಣಕಲ ಮಿಸುಕಲಿಲ್ಲ. ಪಕ್ಕದಲ್ಲಿ ಅಂಟಿಕೊಂಡು ಕೂತಿದ್ದ ದಢೂತಿಯೇ ತೆಗೆದ. ಎರಡು ಕೈ, ಒಂದು ಬೇಡಿ. ಸಣಕಲನ ಎಡಗೈ, ದಢೂತಿಯ ಬಲಗೈ.

ಸಣಕಲನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಮೂರು ದಿನದ ಗಡ್ಡ, ಕೆಸರು ಮೆತ್ತಿದ ಅಂಗಿ, ನಿದ್ದೆಗೆಟ್ಟ ಕಣ್ಣು. ದಢೂತಿಯೋ ಇಸ್ತ್ರಿ ಅಂಗಿ ತೊಟ್ಟು, ಮೀಸೆ ತೀಡುತ್ತಾ, ಮಾವನ ಮನೆಗೆ ಬಂದ ಅಳಿಯನ ಹಾಗೆ ಆರಾಮಾಗಿದ್ದ.

ಡಾಕ್ಟರಮ್ಮ ಸಣಕಲನ ಹೆಬ್ಬೆರಳ ಹಿಂಬದಿಗೆ ಸೂಜಿ ಚುಚ್ಚಿದರು. "ನೋವಾಯ್ತಾ?"

"ಚುಚ್ಚಿದ್ರಾ?"

"ಇಲ್ಲಿ ಚರ್ಮದ ಕೆಳಗೇ ಒಂದು ನರ ಹೋಗುತ್ತೆ. ಬೇಡಿ ಅದನ್ನ ಅಮುಕಿಬಿಟ್ಟಿದೆ. ಈಗ್ಲೇ ತೆಗೆದ್ರೆ ಕೆಲವು ವಾರದಲ್ಲಿ ಸರಿಹೋದೀತು. ಇಲ್ಲಾಂದ್ರೆ ತಿಂಗಳುಗಟ್ಟಲೆ ಹೀಗೇ."

ಹೆಬ್ಬೆರಳು ಹಾಳಾಗಿ ಹೋಗಲಿ. ಮೂರು ಗಂಟೆಗೆ ನ್ಯಾಯಾಧೀಶರ ಮುಂದೆ ನಿಲ್ಲಬೇಕಿತ್ತು. ಈ ಅವತಾರದಲ್ಲಿ ನಿಂತರೆ ಅವನ ಕಥೆ ಮುಗಿದಂತೆಯೇ. ಹೆಂಡತಿ ಮಕ್ಕಳು ಬೀದಿಗೆ, ಊರವರ ಬಾಯಿಗೆ ಹಬ್ಬ.

"ಡಾಕ್ಟ್ರಮ್ಮ, ಮೂಳೆ ಮುರಿದವರ ಪ್ಲಾಸ್ಟರ್ ಕೊಯ್ಯೋ ಗರಗಸ ಇದೆಯಲ್ಲ, ಅದ್ರಲ್ಲಿ..."

"ಅದು ಪ್ಲಾಸ್ಟರ್ ಕೊಯ್ಯುತ್ತೆ, ಕಬ್ಬಿಣ ಅಲ್ಲ. ಕೀಲಿ ಎಲ್ಲಿ?"

"ಚರಂಡಿಯಲ್ಲಿ," ಎಂದ ದಢೂತಿ. "ಬೆಳಿಗ್ಗೆ ಬೆರಳಿಗೆ ಸಿಕ್ಕಿಸ್ಕೊಂಡು ಗರಗರ ತಿರುಗಿಸೋವಾಗ ಹಾರಿಹೋಯ್ತು."

ಸಣಕಲ ಹಲ್ಲು ಕಚ್ಚಿದ.

"ಹಾಗಾದ್ರೆ ಠಾಣೆಗೆ ಹೋಗಿ. ಅಲ್ಲಿ ಇನ್ನೊಂದು ಇರುತ್ತೆ."

"ಠಾಣೆ ಮಾತ್ರ ಬೇಡ ತಾಯಿ!" ಸಣಕಲ ಕುರ್ಚಿಯಿಂದ ಅರ್ಧ ಎದ್ದ. "ಕಾಲಿಗೆ ಬೀಳ್ತೀನಿ."

"ನಾನೂ ಅದನ್ನೇ ಹೇಳಿದ್ದು, ಠಾಣೆಗೆ ಹೋಗೋಣ ಅಂತ," ಎಂದ ದಢೂತಿ. "ಕೇಳ್ಬೇಕಲ್ಲ."

ಡಾಕ್ಟರಮ್ಮನ ಪಿತ್ತ ನೆತ್ತಿಗೇರಿತು. ದಢೂತಿಯ ಕಡೆ ತಿರುಗಿದರು. "ನಿಮಗೆ ಮನುಷ್ಯತ್ವ ಅನ್ನೋದು ಇದೆಯೇನ್ರೀ? ಅವನ ಕೈ ನೋಡಿ. ಕಲ್ಲಿನ ಹಾಗೆ ಕೂತಿದ್ದೀರಲ್ಲ!"

ದಢೂತಿ ಆ ಕೈಯನ್ನು ಮೊದಲ ಸಲ ಸರಿಯಾಗಿ ನೋಡಿದ. ಮುಖ ಸಪ್ಪಗಾಯಿತು. ಮೇಜಿನ ಮೇಲಿದ್ದ ಕಾಗದಗಳಿಂದ ಒಂದು ಕ್ಲಿಪ್ಪು ಕಿತ್ತು, ನೆಟ್ಟಗೆ ಮಾಡಿ, ಬೇಡಿಯ ತೂತಿಗೆ ತೂರಿಸಿದ. ಕಣ್ಣು ಮಿಟುಕಿಸುವುದರೊಳಗೆ ಬೇಡಿ ಕಳಚಿ ಬಿತ್ತು.

ಡಾಕ್ಟರಮ್ಮ ತೆರೆದ ಬಾಯಿ ಮುಚ್ಚಲಿಲ್ಲ. ದಢೂತಿ ಸಣಕಲನ ಮಣಿಕಟ್ಟನ್ನು ಮೆಲ್ಲಗೆ ಉಜ್ಜಿದ.

"ಒಂದು ಮಾತು ನನ್ನನ್ನ ಕೇಳಬಾರದಿತ್ತಾ, ಇನ್‌ಸ್ಪೆಕ್ಟರ್ ಸಾಹೇಬ್ರೇ? ಏಳಿ, ನನ್ನನ್ನ ಕೋರ್ಟಿಗೆ ಒಪ್ಪಿಸೋಕೆ ಹೊತ್ತಾಯ್ತು."